ಹಾಡು ಹಿಡಿದಿಡುವ ಪೆಟ್ಟಿಗೆ



ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆಂದು ವಿಜಯಪುರದ ಕಡೆಯಿಂದ ನಡೆದು ಬರುವವರನ್ನು ನೀವೆಲ್ಲ ನೋಡಿದ್ದೀರಿ. ದಾರಿಯುದ್ದಕ್ಕೂ ಹಾಡು ಇರುತ್ತದೆ. ಯಾರೋ ಒಬ್ಬ ಮುದುಕಿ ಪದ ಎತ್ತಿಕೊಂಡರೆ ಸುತ್ತ ಹತ್ತು ಮೊಬೈಲು ಮೇಲೇಳುತ್ತವೆ. ಮರುವರ್ಷ ಅದೇ ಪದ ಕೇಳಬೇಕೆಂದು ಹುಡುಕಿದರೆ ಆ ಹತ್ತರಲ್ಲಿ ಒಂದರಲ್ಲಾದರೂ ಸಿಕ್ಕರೆ ಪುಣ್ಯ. ಮೊಬೈಲು ಬದಲಾಗಿರುತ್ತದೆ, ಇಲ್ಲವೆ ಜಾಗ ಸಾಲದೆಂದು ಅಳಿಸಿರುತ್ತಾರೆ. ಸಿಕ್ಕರೂ ತಾಳದ ದನಿ ಸೀಳಿಹೋಗಿ, ಗಾಳಿಯ ಭರಾಟೆಯಲ್ಲಿ ಪದ ಮುಳುಗಿ, ಮುದುಕಿಯ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಹಾಡನ್ನು ಹಿಡಿಯುವುದಕ್ಕೂ ಹಿಡಿದಿಡುವುದಕ್ಕೂ ವ್ಯತ್ಯಾಸವಿದೆ. ಇಂದು ಎರಡನೆಯದರ ಬಗ್ಗೆ ನಾಲ್ಕು ಮಾತು.

ನಮ್ಮ ಜತ್ತ ತಾಲೂಕಿನಲ್ಲಿ ಹಿಡಿದಿಡಬೇಕಾದದ್ದು ಕಡಿಮೆ ಇಲ್ಲ. ಬೀಸುವ ಪದ, ಸೋಬಾನ ಪದ, ಡೊಳ್ಳಿನ ಪದ, ಯಲ್ಲಮ್ಮನ ಚೌಡಕಿ ಪದ, ಭಜನಿ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಹಿತ್ತಲಿಗೆ ಹೋದ ಮೇಲೆ ಬೀಸುವ ಪದ ಉಳಿದಿರುವುದು ವಯಸ್ಸಾದ ತಾಯಂದಿರ ಬಾಯಲ್ಲಿ ಮಾತ್ರ. ಮರಾಠಿ ಓವಿಗಳ ಮಟ್ಟಿಗೆ ಪುಣೆಯ ಹೇಮಾ ರಾಯರ್ಕರ್ ಮತ್ತು ಗೀ ಪೊಯಿಟೆವಿನ್ ಎಂಬವರು 1980ರ ದಶಕದಿಂದ ಹಳ್ಳಿ ಹಳ್ಳಿ ತಿರುಗಿ, ಹೆಣ್ಣುಮಕ್ಕಳಿಂದ 1 ಲಕ್ಷಕ್ಕೂ ಮಿಕ್ಕಿ ಓವಿ ಕೂಡಿಸಿದರು. ಬರೆದುಕೊಂಡದ್ದಷ್ಟೇ ಅಲ್ಲ, ಸಾವಿರಾರು ಓವಿಗಳ ದನಿಯೂ ಉಳಿಯಿತು. 2017ರಿಂದ ‘ಪರಿ’ ಎಂಬ ಗ್ರಾಮೀಣ ಭಾರತದ ಸಂಗ್ರಹ ಅವನ್ನು ಎಲ್ಲರಿಗೂ ಕೇಳಿಸುತ್ತಿದೆ. ಅಂಥದೇ ಬೀಸುಕಲ್ಲಿನ ಮುಂದೆ ಕೂತು ನಮ್ಮ ಅವ್ವಂದಿರು ಕನ್ನಡದಲ್ಲಿ ಹಾಡಿದ್ದನ್ನು ಪುಣೆಯವರು ಬಂದು ಹಿಡಿಯಲಿ ಎಂದು ಕಾಯುವಂತಿಲ್ಲ. ಮನೆಯವರೇ ಹಿಡಿಯಬೇಕು.

ಯಂತ್ರ ಕೊಳ್ಳುವ ಮುಂಚೆ ಅದರೊಳಗೆ ಏನಾಗುತ್ತದೆಂದು ತಿಳಿದಿರಲಿ. ನಾನು ಕಲಿತದ್ದು ಮ್ಯಾಟ್ರಿಕ್‌ವರೆಗೆ. ಈ ಲೆಕ್ಕಕ್ಕೆ ಅಷ್ಟು ಸಾಕು. ದನಿಯೆಂದರೆ ಗಾಳಿಯ ಅಲುಗಾಟ. ಕ್ಯಾಸೆಟ್ಟಿನಲ್ಲಿ ಆ ಅಲುಗಾಟ ಕಾಂತದ ಲೇಪದ ಮೇಲೆ ಅಲೆಯಾಗಿಯೇ ಮೂಡುತ್ತಿತ್ತು. ಡಿಜಿಟಲ್ ಯಂತ್ರ ಆ ಅಲೆಯ ಎತ್ತರವನ್ನು ಮತ್ತೆ ಮತ್ತೆ ಅಳೆದು ಅಂಕಿಗಳಲ್ಲಿ ಬರೆದಿಡುತ್ತದೆ. ಎಷ್ಟು ಸಲ? 1982ರಲ್ಲಿ ಪೇಟೆಗೆ ಬಂದ ಸಿ.ಡಿ.ಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಸಲ. ಮನುಷ್ಯನ ಕಿವಿಗೆ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳುತ್ತದೆ. ಒಂದು ಕಂಪನವನ್ನು ಹಿಡಿಯಲು ಎರಡಕ್ಕಿಂತ ತುಸು ಹೆಚ್ಚು ಅಳತೆ ಬೇಕು. ಅದಕ್ಕೇ ಆ ಸಂಖ್ಯೆ. ಪ್ರತಿ ಅಳತೆಯನ್ನು 65,536 ಮೆಟ್ಟಿಲುಗಳ ಏಣಿಯಲ್ಲಿ ಇಟ್ಟು ನೋಡುತ್ತಾರೆ. ಇದಕ್ಕೆ 16 ಬಿಟ್ ಎನ್ನುತ್ತಾರೆ. ಒಂದೊಂದು ಅಳತೆಗೆ 2 ಬೈಟು ಜಾಗ, ಎಡಗಿವಿಗೊಂದು ಬಲಗಿವಿಗೊಂದು ಸಾಲು. ಹೀಗೆ ಗುಣಿಸಿದರೆ ಸೆಕೆಂಡಿಗೆ 1,76,400 ಬೈಟು, ಗಂಟೆಗೆ ಸುಮಾರು 635 ಎಂ.ಬಿ. ಆಗುತ್ತದೆ.

ಈ ಅಂಕಿಗಳನ್ನು ಒಂದನ್ನೂ ಬಿಡದೆ ಇಡುವ ಕಡತಕ್ಕೆ ‘ವೇವ್’ ಎಂದು ಹೆಸರು. ಮೈಕ್ರೋಸಾಫ್ಟ್ ಮತ್ತು ಐ.ಬಿ.ಎಂ. ಸೇರಿ 1991ರಲ್ಲಿ ತಂದದ್ದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಕೀರ್ದಿ. ದಿನದ ಪ್ರತಿಯೊಂದು ಜಮಾ ಖರ್ಚು ಅದರಲ್ಲಿ ಇರುತ್ತದೆ.

ಎಂ.ಪಿ.3 ಎಂಬುದು ಬೇರೆ ಜಾತಿಯದು. ಅದು ಸಾರಾಂಶದ ಪಟ್ಟಿ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಇದನ್ನು ರೂಪಿಸಿದವರಲ್ಲಿ ಮುಖ್ಯರು. ಕಡತಕ್ಕೆ ಆ ಹೆಸರು ಅಂಟಿದ್ದು 1995ರಲ್ಲಿ. ಜೋರಾದ ದನಿಯ ಪಕ್ಕದಲ್ಲಿ ಬರುವ ಮೆಲುದನಿ ಕಿವಿಗೆ ಕೇಳಿಸದು, ಆದ್ದರಿಂದ ಅದನ್ನು ಬರೆಯುವುದೇ ಬೇಡ ಎಂಬುದು ಇದರ ಯುಕ್ತಿ. ಹೀಗೆ ಹಿಂಡಿ ಹಿಂಡಿ 635 ಎಂ.ಬಿ.ಯ ಗಂಟೆಯನ್ನು ಸಾಮಾನ್ಯ ದರ್ಜೆಯಲ್ಲಿ 58 ಎಂ.ಬಿ.ಗೆ ಇಳಿಸುತ್ತದೆ. ಬಿಟ್ಟ ಅಂಕಿಗಳು ಬಿಟ್ಟವೇ. ಸಾರಾಂಶದಿಂದ ಮರಳಿ ಕೀರ್ದಿ ಬರೆಯಲು ಯಾವ ಗುಮಾಸ್ತನಿಗೂ ಆಗದು.

ಇಲ್ಲೊಂದು ಸ್ವಾರಸ್ಯವಿದೆ. ಈ ಯುಕ್ತಿಯನ್ನು ತಿದ್ದುತ್ತಿದ್ದ ಕಾರ್ಲ್‌ಹೈಂಟ್ಸ್ ಬ್ರಾಂಡನ್‌ಬುರ್ಗ್ ಎಂಬ ವಿಜ್ಞಾನಿಗೆ ವಾದ್ಯಗಳು ತುಂಬಿದ ಸಂಗೀತ ಅಷ್ಟು ಕಾಡಲಿಲ್ಲ. ಕಾಡಿದ್ದು ಸುಝಾನ್ ವೇಗಾ ಎಂಬ ಅಮೆರಿಕದ ಗಾಯಕಿ ಯಾವ ಪಕ್ಕವಾದ್ಯವೂ ಇಲ್ಲದೆ ಒಬ್ಬಳೇ ಹಾಡಿದ ‘ಟಾಮ್ಸ್ ಡೈನರ್’ ಎಂಬ ಹಾಡು. ಹಿಂಡಿದ ಕೂಡಲೆ ಆಕೆಯ ದನಿ ಒರಟಾಗಿ ಕೆಟ್ಟುಹೋಗುತ್ತಿತ್ತು. ಅದು ಸರಿಯಾಗುವವರೆಗೂ ಆ ಹಾಡನ್ನೇ ಪರೀಕ್ಷೆಗೆ ಇಟ್ಟುಕೊಂಡರು. ಒಂಟಿ ಹೆಣ್ಣುದನಿ, ಹಿಂದೆ ಮರೆಮಾಚಲು ಏನೂ ಇಲ್ಲ. ನಮ್ಮ ಬೀಸುವ ಪದವೂ ಅದೇ ಅಲ್ಲವೆ? ಆದ್ದರಿಂದ ಹಿಡಿಯುವಾಗ ವೇವ್‌ನಲ್ಲೇ ಹಿಡಿಯಿರಿ. ಹಂಚಲು ಬೇಕಾದರೆ ಅದರಿಂದ ಎಂ.ಪಿ.3 ಪ್ರತಿ ತೆಗೆಯಿರಿ. ಜಾಗದ ಚಿಂತೆ ಇದ್ದರೆ 2001ರಲ್ಲಿ ಬಂದ ‘ಫ್ಲ್ಯಾಕ್’ ಎಂಬುದಿದೆ. ಒಂದು ಅಂಕಿಯನ್ನೂ ಕಳೆಯದೆ ಮಡಚಿಡುತ್ತದೆ, ಜಾಗ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ 32 ಜಿ.ಬಿ.ಯ ಉಗುರಿನಷ್ಟು ಕಾರ್ಡಿನಲ್ಲಿ ವೇವ್ ಕಡತವೇ 50 ಗಂಟೆ ಹಿಡಿಯುವಾಗ ಕಂಜೂಸಿ ಯಾಕೆ?

ಈ 50 ಗಂಟೆಯ ಬೆಲೆ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಾಗಬೇಕು. ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ಎಂಥ ದೊಡ್ಡ ಗವಾಯಿಯೂ ಅಷ್ಟರಲ್ಲೇ ರಾಗ ಮುಗಿಸಬೇಕಿತ್ತು. 1963ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್ಟು ಬಂತು. ಅದರಲ್ಲೂ ಅರ್ಧ ಗಂಟೆಗೊಮ್ಮೆ ಮಗ್ಗುಲು ತಿರುವಬೇಕು. ಹರದೇಶಿ ನಾಗೇಶಿ ವಾದ ನಡೆಯುವುದು ರಾತ್ರಿಯಿಡೀ. ಮರಾಠಿಯ ಕಲಗಿ ತುರಾ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ಕೇಳಿದ ಒಗಟಿಗೆ ಇನ್ನೊಬ್ಬ ಬೆಳಗಿನ ಜಾವಕ್ಕೆ ಉತ್ತರ ಕೊಡುತ್ತಾನೆ. ಪ್ರಶ್ನೆ ಒಂದು ಕ್ಯಾಸೆಟ್ಟಿನಲ್ಲಿ ಉಳಿದು ಉತ್ತರ ಹಿಡಿಯುವವರಿಲ್ಲದೆ ಹೋಗುತ್ತಿತ್ತು. ಈಗ ಇಡೀ ರಾತ್ರಿಯನ್ನು ಒಂದೇ ಕೂರಾಟದಲ್ಲಿ ಹಿಡಿಯಬಹುದು. ಹಾಗೆಯೇ ಉಮದಿಯ ಭಾವುಸಾಹೇಬ ಮಹಾರಾಜರ ಇಂಚಗೇರಿ ಸಂಪ್ರದಾಯದ ಭಜನೆಯಲ್ಲಿ ಕನ್ನಡ ಪದವೂ ಮರಾಠಿ ಅಭಂಗವೂ ಬರುತ್ತವೆ. ಕನ್ನಡದ್ದು ಮಾತ್ರ ಬೇಕೆಂದು ನಡುನಡುವೆ ಯಂತ್ರ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವುದರ ಬೆನ್ನಿಗೆ ಯಾವುದನ್ನು ಹಾಡುತ್ತಾರೆ ಎಂಬುದೂ ಆ ಭಜನೆಯ ಭಾಗವೇ.

ಇನ್ನು ಯಂತ್ರ. ಮೊಬೈಲಿನಲ್ಲೇ ಆಗದೆ ಎಂದು ಕೇಳುವಿರಿ. ತುರ್ತಿಗೆ ಆದೀತು. ಆದರೆ ಮೊಬೈಲು ಮಾತಿಗೆಂದು ಮಾಡಿದ್ದು. ದನಿ ಸಣ್ಣದಾದರೆ ತಾನಾಗಿ ಎತ್ತುತ್ತದೆ, ಡೊಳ್ಳು ಬಿದ್ದರೆ ತಾನಾಗಿ ಒತ್ತುತ್ತದೆ. ಹಾಡಿನ ಏರಿಳಿತವೇ ಸಪಾಟಾಗುತ್ತದೆ. ವಾಟ್ಸಾಪಿನ ಧ್ವನಿ ಸಂದೇಶವಂತೂ ಹುಟ್ಟುವಾಗಲೇ ಹಿಂಡಿ ಹುಟ್ಟಿದ್ದು. ವಿಡಿಯೋ ಕಳಿಸಿದರೂ ಅದು ಹಿಂಡಿಯೇ ಕಳಿಸುತ್ತದೆ. ಕಡತವನ್ನು ಇದ್ದಕ್ಕಿದ್ದಂತೆ ಕಳಿಸಬೇಕಾದರೆ ‘ಡಾಕ್ಯುಮೆಂಟ್’ ಎಂಬಲ್ಲಿ ಇಟ್ಟು ಕಳಿಸಿ. ಮೊಬೈಲಿನಲ್ಲೇ ಹಿಡಿಯುವ ಪ್ರಸಂಗ ಬಂದರೆ ವೇವ್ ಆಯ್ಕೆ ಇರುವ ರೆಕಾರ್ಡರ್ ಹಾಕಿಕೊಂಡು, ಏರೋಪ್ಲೇನ್ ಮೋಡಿನಲ್ಲಿ ಇಡಿ. ಭಜನೆಯ ನಡುವೆ ಅಳಿಯನ ಫೋನು ಬರುವುದು ಬೇಡ.

ಪ್ರತ್ಯೇಕ ರೆಕಾರ್ಡರು ಅಂಗೈಯಲ್ಲಿ ಹಿಡಿಯುವಷ್ಟೇ ಇರುತ್ತದೆ. 2018ರಲ್ಲಿ ಬಂದ ಝೂಮ್ ಎಚ್1ಎನ್, 2019ರ ಟಾಸ್ಕಾಮ್ ಡಿಆರ್-05ಎಕ್ಸ್ ಇಂಥವು. ಹೊಸತು ಸಿಗದಿದ್ದರೆ ಕೈ ಬದಲಾದದ್ದೂ ನಡೆಯುತ್ತದೆ. ಹೆಸರಿಗಿಂತ ಗುಣ ನೋಡಿ. ವೇವ್‌ನಲ್ಲಿ ಬರೆಯಬೇಕು. ದನಿಯ ಮಟ್ಟವನ್ನು ಕೈಯಿಂದ ಹೊಂದಿಸುವ ಗುಂಡಿ ಇರಬೇಕು. ಇಯರ್‌ಫೋನ್ ಹಾಕಿ ಕೇಳಲು ಬರಬೇಕು. ಕಾರ್ಡು ಹೊರಗೆ ತೆಗೆಯಲು ಬರಬೇಕು. ಎಲ್ಲಕ್ಕಿಂತ ಮುಖ್ಯ, ಪೆನ್ಸಿಲ್ ಸೆಲ್ಲಿನಲ್ಲಿ ನಡೆಯಬೇಕು. ವಿದ್ಯುತ್ತು ಹೋದ ರಾತ್ರಿ ಸೆಲ್ಲು ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಚಾರ್ಜರಿಗೆ ಜೀವ ಸಿಗುವುದಿಲ್ಲ. ಅಂಗಡಿಯವನು 96,000 ಅಳತೆ, 24 ಬಿಟ್ ಎಂದು ದೊಡ್ಡ ಅಂಕಿ ಹೇಳಿ ಮೋಡಿ ಹಾಕುತ್ತಾನೆ. 24 ಬಿಟ್ ಒಳ್ಳೆಯದೇ, ಮಟ್ಟ ತುಸು ತಗ್ಗಿಸಿ ಹಿಡಿಯಲು ಧೈರ್ಯ ಬರುತ್ತದೆ. 96,000ದ ಅವಶ್ಯಕತೆ ಬೀಸುವ ಪದಕ್ಕಿಲ್ಲ.

2024ರಲ್ಲಿ ಬಂದ ಝೂಮ್ ಎಚ್1 ಎಸೆನ್ಶಿಯಲ್‌ನಂಥ ಹೊಸ ಯಂತ್ರಗಳಲ್ಲಿ ‘32 ಬಿಟ್ ಫ್ಲೋಟ್’ ಎಂಬ ವಿಧಾನವಿದೆ. ಇದರಲ್ಲಿ ಮಟ್ಟ ಹೊಂದಿಸುವ ಗೊಡವೆಯೇ ಇಲ್ಲ. ಪಿಸುಮಾತೂ ಡೊಳ್ಳೂ ಒಂದೇ ಕಡತದಲ್ಲಿ ಕೂರುತ್ತವೆ, ಆಮೇಲೆ ಕಂಪ್ಯೂಟರಿನಲ್ಲಿ ಏರಿಸಿ ಇಳಿಸಿಕೊಳ್ಳಬಹುದು. 16 ಬಿಟ್ಟಿನ ಎರಡು ಪಟ್ಟು ಜಾಗ ತಿನ್ನುತ್ತದೆ, ಎಲ್ಲ ಮೊಬೈಲಿನಲ್ಲೂ ನುಡಿಯುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರಿದ್ದರೆ ಇದು ಒಳ್ಳೆಯದು. ಇಲ್ಲದಿದ್ದರೆ ಹಳೆಯ ಬಗೆಯದೇ ಸಲೀಸು.

ಬಳಸುವಾಗ ಹೆಚ್ಚಿನವರು ಸೋಲುವುದು ಮಟ್ಟದಲ್ಲಿ. ಕ್ಯಾಸೆಟ್ಟಿನ ಕಾಲದಲ್ಲಿ ಮುಳ್ಳು ಕೆಂಪಿಗೆ ತಾಗಿದರೂ ನಡೆಯುತ್ತಿತ್ತು, ದನಿ ತುಸು ದಪ್ಪವಾಗುತ್ತಿತ್ತು ಅಷ್ಟೆ. ಡಿಜಿಟಲ್‌ನಲ್ಲಿ ಏಣಿಯ ಕೊನೆಯ ಮೆಟ್ಟಿಲ ಮೇಲೆ ಮೆಟ್ಟಿಲೇ ಇಲ್ಲ. ಸೊನ್ನೆ ಡೆಸಿಬಲ್ ದಾಟಿದ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಆಮೇಲೆ ಯಾರಿಂದಲೂ ಜೋಡಿಸಲಾಗದು. ಮೊದಲು ‘ಆಟೋ’ ಎಂಬುದನ್ನು ಆರಿಸಿ. ಮೇಳದವರಿಗೆ ಅತಿ ಜೋರಾದ ಭಾಗವನ್ನು ಒಮ್ಮೆ ಬಾರಿಸಿ ತೋರಿಸಲು ಹೇಳಿ. ಆಗ ಗೆರೆ ಮೈನಸ್ 12ರ ಆಸುಪಾಸು ಆಡುವಂತೆ ಇಡಿ. ಹಾಡಿನ ಹುಮ್ಮಸ್ಸಿನಲ್ಲಿ ಡೊಳ್ಳಿನವನು ಇನ್ನೂ ಜೋರಾಗುತ್ತಾನೆ, ಅದಕ್ಕೆ ಜಾಗ ಬಿಟ್ಟಂತಾಯಿತು.

ಇನ್ನೊಂದು ವೈರಿ ಗಾಳಿ. ಜತ್ತದ ಬಯಲಿನಲ್ಲಿ ಆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಬರಿಯ ಮೈಕಿಗೆ ಗಾಳಿ ತಾಗಿದರೆ ಗುಡುಗಿದಂತೆ ಕೇಳುತ್ತದೆ. ಕೂದಲಿನ ಟೊಪ್ಪಿಗೆಯಂಥ ಗವಸು ಸಿಗುತ್ತದೆ, ಯಂತ್ರದ ಜೊತೆಗೇ ಕೊಳ್ಳಿ. ಇಲ್ಲದಿದ್ದರೆ ಗೋಡೆಯ ಮರೆಗೆ ಬನ್ನಿ. ‘ಲೋ ಕಟ್’ ಎಂಬ ಗುಂಡಿ ಗಾಳಿಯ ಗುಡುಗನ್ನು ಕಡಿಮೆ ಮಾಡುತ್ತದೆ, ಆದರೆ ಡೊಳ್ಳಿನ ಎಡಮಗ್ಗುಲಿನ ಗುಮ್ಮೆನ್ನುವ ನಾದವನ್ನೂ ಒಯ್ಯುತ್ತದೆ. ಒಂಟಿ ಹಾಡಿಗೆ ಅದನ್ನು ಹಾಕಿ, ಡೊಳ್ಳಿಗೆ ಬೇಡ. ಯಂತ್ರವನ್ನು ಕೈಯಲ್ಲಿ ಹಿಡಿಯಬೇಡಿ, ಬೆರಳು ಸರಿದದ್ದೂ ಕೇಳುತ್ತದೆ. ಮಡಚಿದ ಕೌದಿಯ ಮೇಲೆ ಇಟ್ಟರೂ ಸಾಕು. ಒಬ್ಬರೇ ಹಾಡುವಾಗ ಒಂದು ತೋಳಿನ ದೂರ, ಬಾಯಿಯ ನೇರಕ್ಕಲ್ಲ, ತುಸು ಓರೆಗೆ. ಡೊಳ್ಳಿನ ಮೇಳಕ್ಕೆ ಹತ್ತು ಹದಿನೈದು ಅಡಿ ಹಿಂದೆ. ಜಾತ್ರೆಯಲ್ಲಿ ಧ್ವನಿವರ್ಧಕದ ಕಹಳೆಯ ಮುಂದೆ ಮಾತ್ರ ಎಂದೂ ಇಡಬೇಡಿ.

ಹಾಡು ಶುರುವಾಗುವ ಮುಂಚೆ ನಿಮ್ಮ ಬಾಯಿಂದಲೇ ದಿನಾಂಕ, ಊರು, ಹಾಡುವವರ ಹೆಸರು, ಪದ ಯಾರಿಂದ ಕಲಿತದ್ದು ಎಂಬುದನ್ನು ಹೇಳಿ ಹಿಡಿಯಿರಿ. ಹಂಚಬಹುದೆ ಎಂದು ಕೇಳಿ, ಅವರ ಉತ್ತರವೂ ಅದರಲ್ಲೇ ಇರಲಿ. ಕೆಲವು ಪದಗಳನ್ನು ಹೆಣ್ಣುಮಕ್ಕಳು ಮನೆಯೊಳಗಷ್ಟೇ ಹಾಡುತ್ತಾರೆ, ಅದು ಅವರ ಇಚ್ಛೆ. ಮುಗಿದ ಮೇಲೆ ನಿಲ್ಲಿಸುವ ಗುಂಡಿ ಒತ್ತಿದ ಬಳಿಕವೇ ಸೆಲ್ಲು ತೆಗೆಯಿರಿ. ನಡುವೆ ಕಿತ್ತರೆ ಕಡತದ ಬಾಗಿಲು ಮುಚ್ಚದೆ ಉಳಿದು, ಆಮೇಲೆ ತೆರೆಯುವುದೇ ಇಲ್ಲ.

ಪೆಟ್ಟಿಗೆಯಲ್ಲಿ ಹಳೆಯ ಭಜನಿ ಕ್ಯಾಸೆಟ್ಟು ಇದ್ದವರು ಇದೇ ರೆಕಾರ್ಡರಿನಿಂದ ಅವನ್ನೂ ಉಳಿಸಿಕೊಳ್ಳಬಹುದು. ಟೇಪ್‌ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ರೆಕಾರ್ಡರಿನ ಒಳದಾರಿಗೆ ಒಂದು ಸಣ್ಣ ತಂತಿ ಸಾಕು, ಮಟ್ಟ ಮಾತ್ರ ಕೆಳಗಿರಲಿ. ಮೊದಲು ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬಿಳಿ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮಾತ್ರ ಹಾಕಬೇಡಿ, ಬೂಷ್ಟು ಹೆಡ್ಡಿಗೆ ಹತ್ತಿ ಉಳಿದವಕ್ಕೂ ತಗಲುತ್ತದೆ. ಸುಕ್ಕಾಗಿದ್ದರೆ ಒಮ್ಮೆ ಪೂರ್ತಿ ಮುಂದೆ ಸುತ್ತಿ, ಹಿಂದೆ ಸುತ್ತಿ, ಆಮೇಲೆ ನುಡಿಸಿ. ಒಂದೇ ಸಲ ನುಡಿಯುವ ಶಕ್ತಿ ಉಳಿದಿರಬಹುದು, ಆ ಒಂದು ಸಲಕ್ಕೆ ಯಂತ್ರ ಸಿದ್ಧವಿರಲಿ. ಟೇಪು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಸೋನಿ ಕಂಪನಿಯವರೇ 1992ರಲ್ಲಿ ತಂದ ಮಿನಿಡಿಸ್ಕ್ ಯಂತ್ರಗಳನ್ನು 2013ರಲ್ಲಿ ನಿಲ್ಲಿಸಿದರು. ಅದರಲ್ಲಿ ಹಿಡಿದಿಟ್ಟವರು ಈಗ ಹಳೆಯ ಯಂತ್ರ ಹುಡುಕಬೇಕು. ವೇವ್ ಕಡತಕ್ಕೆ ಅಂಥ ಒಂದೇ ಕಂಪನಿಯ ಯಂತ್ರದ ಹಂಗಿಲ್ಲ.

ಮನೆಗೆ ಬಂದ ದಿನವೇ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಿ. ಕಡತಕ್ಕೆ ಹೆಸರು ಕೊಡುವಾಗ ಮೊದಲು ಇಸವಿ, ಆಮೇಲೆ ತಿಂಗಳು, ದಿನ, ಊರು, ಹಾಡಿದವರು. ಹಾಗೆ ಬರೆದರೆ ಖತಾವಣಿಯಂತೆ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಇದ್ದಕ್ಕಿದ್ದಂತೆ ನಕಲು ಎಷ್ಟು ಸಲ ಮಾಡಿದರೂ ದನಿ ಸವೆಯುವುದಿಲ್ಲ. ಎಂ.ಪಿ.3 ಕಡತವನ್ನು ತಿದ್ದಿ ಮತ್ತೆ ಎಂ.ಪಿ.3 ಮಾಡಿದರೆ ಮಾತ್ರ ಸಲಸಲಕ್ಕೂ ಸವೆಯುತ್ತದೆ. ಮೂಲ ವೇವ್‌ನ ಪ್ರತಿಗಳು ಮೂರಿರಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ವರ್ಷಕ್ಕೊಮ್ಮೆ ತೆರೆದು ನುಡಿಸಿ ನೋಡಿ. ಹಾಡಿದವರ ಮನೆಗೆ ಒಂದು ಪೆನ್‌ಡ್ರೈವಿನಲ್ಲಿ ಎಂ.ಪಿ.3 ಪ್ರತಿ ಕೊಟ್ಟು ಬನ್ನಿ. ಇಷ್ಟಾದ ಮೇಲೆ ಕಾರ್ಡನ್ನು ಯಂತ್ರಕ್ಕೆ ಹಾಕಿ ಅದರಲ್ಲೇ ಖಾಲಿ ಮಾಡಿ, ಸೆಲ್ಲು ಹೊರಗೆ ತೆಗೆದಿಡಿ. ಒಳಗೇ ಬಿಟ್ಟ ಸೆಲ್ಲು ಸೋರಿ ಯಂತ್ರವನ್ನೇ ತಿನ್ನುತ್ತದೆ.