ದುಬೈ ಪೇಟೆಯಲ್ಲಿ ಕಾಲ್ನಡಿಗೆ



ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಎಷ್ಟೋ ಮನೆಗಳಿಗೆ ದುಬೈ ಎಂಬುದು ನೆರೆಯ ಪೇಟೆಯಷ್ಟೇ ಪರಿಚಿತವಾದ ಹೆಸರು. ಮಗನೋ ಅಳಿಯನೋ ಅಲ್ಲಿರುತ್ತಾನೆ. ಆದರೆ ನೀವೇ ಮೊದಲ ಸಲ ಹೋಗಿ, ಮಗ ಕೆಲಸಕ್ಕೆ ಹೊರಟ ಮೇಲೆ ಒಬ್ಬರೇ ಬೀದಿಗಿಳಿಯಬೇಕಾದಾಗ ಸಂಗತಿ ಬೇರೆ. ದಾರಿ ತಪ್ಪಿದರೆ ಏನು ಮಾಡಬೇಕು? ರಸ್ತೆ ದಾಟುವುದು ಹೇಗೆ? ಇಂದು ಅದನ್ನು ತಿಳಿಯೋಣ.

ಮೊದಲು ಊರಿನ ಆಕಾರ. ಸಮುದ್ರದ ನೀರು ಒಳನಾಡಿಗೆ ಚಾಚಿಕೊಂಡು ಹಳೆಯ ದುಬೈಯನ್ನು ಎರಡು ಪಾಲು ಮಾಡಿದೆ. ಇದನ್ನು ಅರಬಿಯಲ್ಲಿ ಖೋರ್ ಎಂದೂ ಇಂಗ್ಲಿಷಿನಲ್ಲಿ ಕ್ರೀಕ್ ಎಂದೂ ಕರೆಯುತ್ತಾರೆ. ಒಂದು ದಡ ದೇರಾ, ಇನ್ನೊಂದು ದಡ ಬರ್ ದುಬೈ. ಚಿನ್ನದ ಪೇಟೆ, ಸಾಂಬಾರ ಜೀನಸಿನ ಪೇಟೆ ದೇರಾದಲ್ಲಿವೆ. ಬಟ್ಟೆಯ ಪೇಟೆ ಬರ್ ದುಬೈಯಲ್ಲಿದೆ. ಹಡಗಿನಿಂದ ಸರಕು ಇಳಿದಲ್ಲೇ ವ್ಯಾಪಾರ ಬೆಳೆದುದರಿಂದ ಇವೆಲ್ಲ ನೀರಿಗೆ ಹತ್ತಿರ. ಆದ್ದರಿಂದ ಈ ಪೇಟೆಗಳಲ್ಲಿ ದಾರಿ ತಪ್ಪಿದರೆ ‘ಅಬ್ರಾ ಎಲ್ಲಿ?’ ಎಂದು ಕೇಳಿ. ಅಬ್ರಾ ಎಂದರೆ ದಡದಿಂದ ದಡಕ್ಕೆ ಜನರನ್ನು ದಾಟಿಸುವ ಮರದ ದೋಣಿ. ಬಹುಕಾಲದಿಂದ ಇದರ ದರ ಒಂದೇ ದಿರ್ಹಮ್. ಕಡವು ಸಿಕ್ಕಿತೆಂದರೆ ದಿಕ್ಕು ಸಿಕ್ಕಿತು.

ಬರ್ ದುಬೈಯಲ್ಲಿ 1787ರಲ್ಲಿ ಕಟ್ಟಿದ ಅಲ್ ಫಾಹಿದಿ ಕೋಟೆ ಇದೆ. ಅದರ ಹತ್ತಿರದ ಹಳೆಯ ಕೇರಿಯ ಓಣಿಗಳು ತೀರ ಕಿರಿದು. ಅದಕ್ಕೆ ಕಾರಣ ಬಡತನವಲ್ಲ, ಬಿಸಿಲು. ಎರಡೂ ಕಡೆಯ ಗೋಡೆಗಳು ಓಣಿಗೆ ನೆರಳು ಕೊಡುತ್ತವೆ. ಮನೆಗಳ ಮೇಲಿನ ಗಾಳಿಗೋಪುರಗಳು ಮೇಲೆ ಬೀಸುವ ಗಾಳಿಯನ್ನು ಒಳಕ್ಕೆ ಇಳಿಸುತ್ತವೆ. ಈ ಭಾಗ ಕಾಲ್ನಡಿಗೆಗಾಗಿಯೇ ಹುಟ್ಟಿದ್ದು. ಹೊಸ ದುಬೈ ಹಾಗಲ್ಲ, ಅದು ಮೋಟಾರಿಗಾಗಿ ಹುಟ್ಟಿದ್ದು. ಎದುರಿಗೇ ಕಾಣುವ ಕಟ್ಟಡಕ್ಕೂ ನಡೆದು ಹೋಗಲು ದಾರಿ ಇಲ್ಲದಿರಬಹುದು. ಶೇಖ್ ಜಾಯೆದ್ ರಸ್ತೆಯಂತಹ ಹೆದ್ದಾರಿಯನ್ನು ಮೆಟ್ರೋ ನಿಲ್ದಾಣದ ಮೇಲ್ಸೇತುವೆಯಿಂದಲೇ ದಾಟಬೇಕು.

ಈಗ ಮುಖ್ಯವಾದ ಮಾತು. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ನಮ್ಮೂರಿನಲ್ಲಿ ರಸ್ತೆಗೆ ಇಳಿಯುವಾಗ ಮೊದಲು ಬಲಕ್ಕೆ ನೋಡುವುದು ರೂಢಿ; ಅಲ್ಲಿ ಮೊದಲು ಎಡಕ್ಕೆ ನೋಡಬೇಕು. ಈ ಅಭ್ಯಾಸ ಒಂದೇ ದಿನದಲ್ಲಿ ಬಾರದು. ಆದ್ದರಿಂದ ಎರಡೂ ಕಡೆ ನೋಡಿ, ಪಟ್ಟೆ ಎಳೆದ ಜಾಗದಲ್ಲಿ, ಹಸಿರು ದೀಪ ಬಂದ ಮೇಲೆಯೇ ದಾಟಿ. ಸಿಕ್ಕಲ್ಲಿ ದಾಟಿದರೆ 400 ದಿರ್ಹಮ್ ದಂಡ. ಹೊಸದಾಗಿ ಕೂಲಿಗೆ ಸೇರಿದವನಿಗೆ ಅದು ಹಲವು ದಿನಗಳ ದುಡಿಮೆ. 2025ರ ಮಾರ್ಚಿನಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಹಾಗೆ ದಾಟಿದ್ದರಿಂದ ಅಪಘಾತವಾದರೆ ಜೈಲು ಶಿಕ್ಷೆಯೂ ಉಂಟು.

ಇನ್ನು ಬಿಸಿಲು. ಬೇಸಿಗೆಯಲ್ಲಿ ಅಲ್ಲಿನ ತಾಪ 40 ಡಿಗ್ರಿ ದಾಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ, ಬಯಲಿನ ಕೂಲಿ ಕೆಲಸವನ್ನೇ ಸರಕಾರ ನಿಲ್ಲಿಸುತ್ತದೆ. ಕೂಲಿಯವರಿಗೇ ಬಿಡುವು ಕೊಡುವ ಹೊತ್ತಿನಲ್ಲಿ ನಾವು ತಿರುಗಾಡುವುದು ಜಾಣತನವಲ್ಲ. ಬೆಳಿಗ್ಗೆ ಅಥವಾ ಸಂಜೆ ಹೊರಡಿ, ನೀರು ಜೊತೆಗಿರಲಿ. ದಣಿದರೆ ಹವಾನಿಯಂತ್ರಿತ ಬಸ್ ತಂಗುದಾಣದಲ್ಲಿ ಕುಳಿತುಕೊಳ್ಳಿ. ಮೆಟ್ರೋ ಗಾಡಿಯೊಳಗೆ ಮಾತ್ರ ಏನನ್ನೂ ತಿನ್ನಬೇಡಿ, ನೀರನ್ನೂ ಕುಡಿಯಬೇಡಿ. ಅದಕ್ಕೂ ದಂಡವಿದೆ.

ಮನೆ ಬಿಡುವ ಮುನ್ನ ಕಟ್ಟಡದ ಬಾಗಿಲ ಬಳಿಯ ಫಲಕ ನೋಡಿ. ಅದರಲ್ಲಿ ಹತ್ತು ಅಂಕಿಯ ‘ಮಕಾನಿ’ ಸಂಖ್ಯೆ ಇರುತ್ತದೆ. ಅರಬಿಯಲ್ಲಿ ಮಕಾನಿ ಎಂದರೆ ‘ನನ್ನ ಸ್ಥಳ’. ಅದನ್ನೂ ಮಗನ ಫೋನ್ ನಂಬರನ್ನೂ ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಫೋನಿನ ಬ್ಯಾಟರಿ ಮುಗಿದರೂ ಚೀಟಿ ಮಾತಾಡುತ್ತದೆ. ಪೊಲೀಸರ ತುರ್ತು ಸಂಖ್ಯೆ 999, ಆಂಬುಲೆನ್ಸಿಗೆ 998.

ಕೊನೆಯದಾಗಿ ಭಾಷೆ. ಅರಬಿ ಬಾರದೆಂದು ಅಳುಕಬೇಡಿ. ಹಳೆಯ ದುಬೈಯ ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ ಮಲಯಾಳವೂ ಹಿಂದಿಯೂ ಧಾರಾಳವಾಗಿ ನಡೆಯುತ್ತವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬಾಳಿದ ನಮಗೆ ಗಡಿನಾಡು ಕೊಟ್ಟ ಬಳುವಳಿ ಇದು. ಬಾಯಿ ಬಿಟ್ಟು ಕೇಳಿ, ದಾರಿ ಸಿಗುತ್ತದೆ.