ಇನ್ನೊಬ್ಬ ಲಿಂಕನ್

ಲಿಂಕನ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ವಾಚಕರ ಕಣ್ಣ ಮುಂದೆ ನಿಲ್ಲುವ ಮೂರ್ತಿ ಒಂದೇ: ಗುಲಾಮರ ಸಂಕೋಲೆಯನ್ನು ಕಡಿದ ಅಧ್ಯಕ್ಷ ಅಬ್ರಹಾಂ ಲಿಂಕನ್. ಆದರೆ ಅಮೆರಿಕದ ಜಾರ್ಜಿಯ, ಉತ್ತರ ಕ್ಯಾರೊಲೈನ, ಕೆಂಟಕಿ ಸಂಸ್ಥಾನಗಳಲ್ಲಿ ಲಿಂಕನ್ ಎಂಬ ಹೆಸರನ್ನು ಹೊತ್ತ ಜಿಲ್ಲೆಗಳು ಆ ಮಹಾಪುರುಷನ ಸ್ಮಾರಕಗಳಲ್ಲ. 1809ರಲ್ಲಿ ಆತನು ಹುಟ್ಟುವುದಕ್ಕೆ ಮೊದಲೇ ಅವಕ್ಕೆ ಆ ಹೆಸರು ಬಂದಿತ್ತು. ಅವು ಬೆಂಜಮಿನ್ ಲಿಂಕನ್ ಎಂಬ ಸೇನಾನಿಯ ನೆನಪಿಗೆ ಇಟ್ಟ ಹೆಸರುಗಳು. ಹೊರನಾಡಿನಲ್ಲಿ ಈತನನ್ನು ಬಲ್ಲವರು ವಿರಳ. ಗೆದ್ದವರ ಚರಿತ್ರೆಯನ್ನು ನಾವು ಬೇಕಾದಷ್ಟು ಓದಿದ್ದೇವೆ. ಸೋತು ತಲೆತಗ್ಗಿಸಿದವನೊಬ್ಬನು ಮುಂದೆ ತನ್ನ ಕೈಗೆ ಸಿಕ್ಕವರನ್ನು ಹೇಗೆ ನಡೆಸಿಕೊಂಡನೆಂಬುದನ್ನು ಇಂದು ನೋಡೋಣ.

ಬಾಸ್ಟನ್ ನಗರಕ್ಕೆ ಸಮೀಪದ ಹಿಂಗಮ್ ಎಂಬ ಊರಿನಲ್ಲಿ 1733ನೆಯ ಜನವರಿ 24ರಂದು ಈತನ ಜನನ. ಬೇಸಾಯದ ಮನೆತನ. ಊರಿನ ದಾಖಲೆಗಳನ್ನು ಬರೆದಿಡುವ ಗುಮಾಸ್ತಗಿರಿಯು (ನಮ್ಮ ಶಾನುಭೋಗಿಕೆಯಂಥದೆನ್ನಬಹುದು) ತಂದೆಯಿಂದ ಮಗನಿಗೆ ಬಂದಿತು. ಇಂಗ್ಲೆಂಡಿನ ದೊರೆತನದ ಮೇಲೆ ಜನರು ತಿರುಗಿಬಿದ್ದಾಗ ಈತನಿಗೆ ನಲವತ್ತು ದಾಟಿತ್ತು. ಸ್ಥೂಲದೇಹಿ, ಮಾತು ಮಿತ. ನೋಡಿದವರು ಯುದ್ಧವೀರನೆಂದು ಬಗೆಯುವಂಥ ಆಕಾರವಲ್ಲ. ಆದರೂ ವಾಷಿಂಗ್ಟನ್ನನು ಈತನ ಯೋಗ್ಯತೆಯನ್ನು ಕಂಡುಕೊಂಡನು. 1777ರಲ್ಲಿ ಮೇಜರ್ ಜನರಲ್ ಪದವಿ ದೊರೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸಾರಟೋಗದ ರಣರಂಗದಲ್ಲಿ ಗುಂಡೊಂದು ಕಾಲಿನ ಹರಡನ್ನು ಪುಡಿಮಾಡಿತು. ಅಂದಿನಿಂದ ಒಂದು ಕಾಲು ಗಿಡ್ಡವಾಗಿ, ಕುಂಟುವುದು ಕಡೆಯವರೆಗೂ ತಪ್ಪಲಿಲ್ಲ.

ಮರುವರ್ಷ ದಕ್ಷಿಣದ ಸೈನ್ಯದ ಹೊಣೆ ಬಂದಿತು. ಅದರ ಹಿಂದೆಯೇ ಕೇಡುಗಾಲವೂ ಬಂದಿತು. 1780ರ ವಸಂತದಲ್ಲಿ ಇಂಗ್ಲಿಷ್ ಸೇನಾಪತಿ ಕ್ಲಿಂಟನ್ನನು ಚಾರ್ಲ್ಸ್‌ಟನ್ ಪಟ್ಟಣಕ್ಕೆ ಮುತ್ತಿಗೆ ಹಾಕಿದನು. ಸೈನ್ಯವನ್ನಾದರೂ ಉಳಿಸೋಣ, ಪಟ್ಟಣವನ್ನು ಬಿಟ್ಟು ಹೊರಡೋಣ ಎಂಬ ಆಲೋಚನೆ ಹುಟ್ಟಿದಾಗ ಊರಿನ ಅಧಿಕಾರಸ್ಥರು ಕೆರಳಿದರು. ತಮ್ಮನ್ನು ಕೈಬಿಟ್ಟು ಹೋಗಕೂಡದೆಂದು ಹಟಹಿಡಿದರು. ಲಿಂಕನ್ನನು ಅವರ ಮಾತಿಗೆ ಕಟ್ಟುಬಿದ್ದನು. ಆ ದಾಕ್ಷಿಣ್ಯಕ್ಕೆ ಬೆಲೆ ತೆರಬೇಕಾಯಿತು. ಮೇ 12ರಂದು ಸುಮಾರು 5,000 ಮಂದಿ ಶರಣಾದರು. ಆ ಯುದ್ಧದಲ್ಲೆಲ್ಲ ಅಮೆರಿಕದವರಿಗೆ ಇದಕ್ಕಿಂತ ದೊಡ್ಡ ಸೋಲು ಬೇರೊಂದಿಲ್ಲ. ಬಾವುಟಗಳನ್ನು ಬಿಚ್ಚಿ ಹಾರಿಸಿಕೊಂಡು ಹೊರಬರುವುದು ಕಾದಾಡಿ ಸೋತವರಿಗೂ ಸಲ್ಲುತ್ತಿದ್ದ ಮರ್ಯಾದೆ. ಕ್ಲಿಂಟನ್ನನು ಅದನ್ನೂ ಕೊಡಲಿಲ್ಲ. ಸುತ್ತಿಟ್ಟ ಬಾವುಟಗಳೊಡನೆ ಕುಂಟುತ್ತ ಹೊರಬಂದ ಆ ಮನುಷ್ಯನ ಮನಸ್ಸು ಹೇಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಸೆರೆಯಾಳುಗಳ ವಿನಿಮಯದಲ್ಲಿ ಬಿಡುಗಡೆಯಾಗಿ ಬಂದವನನ್ನು ವಾಷಿಂಗ್ಟನ್ನನು ಮೂಲೆಗೆ ತಳ್ಳಲಿಲ್ಲ. 1781ನೆಯ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಚಕ್ರವು ತಿರುಗಿತು. ಇಂಗ್ಲಿಷರು ಶರಣಾದರು. ಚಾರ್ಲ್ಸ್‌ಟನ್ನಿನಲ್ಲಿ ನಮ್ಮವರಿಗೆ ಯಾವ ಮರ್ಯಾದೆ ಸಂದಿತೋ ಅಷ್ಟೇ ನಿಮಗೂ ಎಂದು ವಾಷಿಂಗ್ಟನ್ನನು ಕರಾರು ಮಾಡಿದನು. ಇಂಗ್ಲಿಷ್ ಸೇನಾಪತಿಯು ಮೈ ಸರಿಯಿಲ್ಲವೆಂದು ಹೇಳಿ ತಾನು ಬಾರದೆ ಓಹಾರ ಎಂಬ ಕೈಕೆಳಗಿನವನನ್ನು ಕಳುಹಿಸಿದನು. ವಾಷಿಂಗ್ಟನ್ನನು ಅವನಿಗೆ ತನ್ನ ಕೈಕೆಳಗಿನವನನ್ನೇ, ಎಂದರೆ ಲಿಂಕನ್ನನನ್ನೇ, ತೋರಿಸಿದನು. ಲಿಂಕನ್ನನ ಅಪ್ಪಣೆಯಂತೆ ಆ ಸೈನ್ಯವು ಬಯಲಿಗೆ ನಡೆದು ಆಯುಧಗಳನ್ನು ಕೆಳಗಿಟ್ಟಿತು.

ಅಂದು ಮುಖ ತೋರಿಸದೆ ಉಳಿದ ಸೇನಾಪತಿಯು ನಮ್ಮ ನಾಡಿಗೆ ಅಪರಿಚಿತನಲ್ಲ. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು, ಟೀಪು ಸುಲ್ತಾನನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಲಾರ್ಡ್ ಕಾರ್ನ್‌ವಾಲಿಸನೇ ಅವನು.

ಆ ಬಳಿಕ ಲಿಂಕನ್ನನು ಎರಡು ವರ್ಷ ಯುದ್ಧಮಂತ್ರಿಯಾಗಿದ್ದನು. ಬೊಕ್ಕಸದಲ್ಲಿ ಹಣವಿಲ್ಲದ ಕಾಲದ ಮಂತ್ರಿಗಿರಿ, ಹೆಚ್ಚು ಹೇಳಬೇಕಾದುದಿಲ್ಲ. ನಮ್ಮ ದೃಷ್ಟಿಯಲ್ಲಿ ಈತನ ನಿಜವಾದ ಪರೀಕ್ಷೆ ನಡೆದುದು ಸ್ವಂತ ನಾಡಾದ ಮಸಾಚುಸೆಟ್ಸಿನಲ್ಲಿ. ಯುದ್ಧದಿಂದ ಮನೆಗೆ ಮರಳಿದ ರೈತರಿಗೆ ಸಂಬಳದ ಬದಲು ಸಿಕ್ಕಿದ್ದು ಬೆಲೆಯಿಲ್ಲದ ಕಾಗದ. ಕಂದಾಯವನ್ನು ಮಾತ್ರ ನಾಣ್ಯದಲ್ಲಿ ಕೊಡಬೇಕು. ಸಾಲಗಾರರ ದನಕರು, ಹೊಲಗದ್ದೆಗಳು ಜಪ್ತಿಯಾದುವು. ಕೆಲವರು ಸೆರೆಮನೆ ಸೇರಿದರು. 1786ರಲ್ಲಿ ಅವರು ಗುಂಪುಕಟ್ಟಿ ನ್ಯಾಯಸ್ಥಾನಗಳು ಕೂಡದಂತೆ ತಡೆದರು. ಯುದ್ಧದಲ್ಲಿ ಕ್ಯಾಪ್ಟನ್ನನಾಗಿದ್ದ ಡೇನಿಯಲ್ ಶೇಸನು ಅವರ ಮುಂದಾಳುಗಳಲ್ಲೊಬ್ಬ. ಇವರನ್ನು ಅಡಗಿಸುವ ಕೆಲಸವು ಲಿಂಕನ್ನನ ಪಾಲಿಗೆ ಬಂದಿತು. ದಂಡಿಗೆ ಹಣವಿರಲಿಲ್ಲ. ಬಾಸ್ಟನ್ನಿನ ಸಾಹುಕಾರರ ಬಳಿಗೆ ಹೋಗಿ, ಆಸ್ತಿಯಲ್ಲಿ ಒಂದು ಪಾಲನ್ನು ಕೊಟ್ಟರೆ ಮಿಕ್ಕದ್ದು ಉಳಿದೀತು ಎಂದು ಹೇಳಿ ಸಾಲವೆತ್ತಿಸಿದವನೂ ಈತನೇ. 1787ನೆಯ ಫೆಬ್ರವರಿ 3ರ ರಾತ್ರಿ, ಹಿಮದ ಬಿರುಗಾಳಿಯಲ್ಲಿ, ಸುಮಾರು 30 ಮೈಲಿ ನಡೆದು, ಬೆಳಗಾಗುತ್ತಲೇ ಪೀಟರ್‌ಷಮ್ ಎಂಬಲ್ಲಿ ದಂಗೆಗಾರರ ಮೇಲೆ ಬಿದ್ದನು. ಇಂಥ ಚಳಿಯಲ್ಲಿ ಯಾರೂ ಬರಲಾರರೆಂದು ನಂಬಿದ್ದವರು ದಿಕ್ಕಾಪಾಲಾದರು. ಸುಮಾರು 150 ಮಂದಿ ಸೆರೆಸಿಕ್ಕರು.

ಗೆದ್ದ ಸರ್ಕಾರವು ದಂಗೆಗಾರರಿಗೆ ಮತ ಕೊಡುವ ಹಕ್ಕಿಲ್ಲವೆಂದು ಶಾಸನ ಮಾಡಿತು. ಅವರನ್ನು ಅಟ್ಟಿದ ಸೇನಾನಿಗೇ ಅದು ಹಿಡಿಸಲಿಲ್ಲ. ಆತನು ವಾಷಿಂಗ್ಟನ್ನನಿಗೆ ಬರೆದ ಕಾಗದದ ಸಾರವಿದು: ನಿಮ್ಮ ಕಷ್ಟವನ್ನು ಕೋವಿಯಿಂದಲ್ಲ, ಶಾಸನಸಭೆಯಲ್ಲಿ ಹೇಳಿಕೊಳ್ಳಿರೆಂದು ನಾವೇ ಅವರಿಗೆ ಬುದ್ಧಿ ಹೇಳಿದೆವು, ಈಗ ಸಭೆಯ ಬಾಗಿಲನ್ನೇ ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು? ರೈತರ ದೂರು ನ್ಯಾಯವಾದುದೆಂದು ಒಪ್ಪಿದ್ದವನಾದರೆ ದಂಡೆತ್ತಿ ಹೋದುದೇಕೆ ಎಂದು ಕೇಳುವವರಿದ್ದಾರು. ಕೇಳತಕ್ಕ ಪ್ರಶ್ನೆಯೇ. ಸಾಹುಕಾರರ ದುಡ್ಡಿನಿಂದ ಬಡವರ ಮೇಲೆ ಹೋದ ದಂಡೆಂಬ ಮಾತನ್ನು ಅಲ್ಲಗಳೆಯಲಾಗದು. ಆದರೆ ಗೆದ್ದ ಮರುತಿಂಗಳಲ್ಲಿಯೇ ಗೆದ್ದವರ ಅತಿಯನ್ನು ಬೇಡವೆಂದ ಸೇನಾನಿಗಳು ಎಷ್ಟು ಮಂದಿ? ಕೊನೆಗೆ ಬಹುಮಂದಿಗೆ ಕ್ಷಮೆ ದೊರೆಯಿತು. 1788ರಲ್ಲಿ ಶೇಸನಿಗೂ ದೊರೆಯಿತು.

ಆ ವರ್ಷವೇ ಲಿಂಕನ್ನನು ಮಸಾಚುಸೆಟ್ಸಿನ ಉಪಗವರ್ನರನಾದನು. ಹೊಸ ರಾಜ್ಯಾಂಗವನ್ನು ಒಪ್ಪುವ ಸಭೆಯಲ್ಲಿ ಅದರ ಪರವಾಗಿ ನಿಂತನು. 187 ಮತಗಳು ಪರ, 168 ವಿರೋಧ, ಅಷ್ಟು ಬಿಗಿಯಾದ ಗೆಲುವು. ಬಳಿಕ 1789ರಿಂದ ಸುಮಾರು ಇಪ್ಪತ್ತು ವರ್ಷ ಬಾಸ್ಟನ್ ಬಂದರಿನ ಸುಂಕಾಧಿಕಾರಿ.

ಈತನ ಒಂದು ವಿಚಿತ್ರವನ್ನು ಹೇಳದೆ ಬಿಡಲಾರೆವು. ಊಟದ ನಡುವೆ, ಮಾತಿನ ನಡುವೆ, ಗಾಡಿ ಹೊಡೆಯುವಾಗಲೂ ಈತನಿಗೆ ಗಾಢನಿದ್ರೆ ಬಂದುಬಿಡುತ್ತಿತ್ತಂತೆ. ಶೇಸನ ದಂಗೆಯ ಕಾಲದಲ್ಲಿ ವರದಿಗಳನ್ನು ಹೇಳಿ ಬರೆಯಿಸುವಾಗ ಒಂದು ವಾಕ್ಯಕ್ಕೂ ಮುಂದಿನದಕ್ಕೂ ನಡುವೆ ನಿದ್ರಿಸುತ್ತಿದ್ದನಂತೆ. ಆದರೂ ಬುದ್ಧಿ ಮಂಕಾಗುತ್ತಿರಲಿಲ್ಲವೆಂದು ಬಲ್ಲವರು ಬರೆದಿಟ್ಟಿದ್ದಾರೆ. ಸ್ನೇಹಿತರು ಈ ಸಂಗತಿಯನ್ನು ಆತನೆದುರಿಗೆ ಎತ್ತುತ್ತಿರಲಿಲ್ಲ.

1810ನೆಯ ಮೇ 9ರಂದು ಹಿಂಗಮಿನಲ್ಲಿ, ತಾನು ಹುಟ್ಟಿದ ಮನೆಯಲ್ಲಿಯೇ, ಲಿಂಕನ್ನನು ತೀರಿಕೊಂಡನು. ಆ ಮರದ ಮನೆಯು ಇಂದಿಗೂ ಅಲ್ಲಿ ನಿಂತಿದೆ.