ಬಂಡವಾಳದ ಬಾಗಿಲು ಮತ್ತು ಬದಲಾದ ಸಿದ್ಧಾಂತ

1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ನಾಣ್ಯ ಬಾತ್‌ಗೆ ಡಾಲರ್‌ನೊಂದಿಗೆ ಇದ್ದ ಗಂಟನ್ನು ಬಿಚ್ಚಿತು. ಡಾಲರ್‌ಗೆ ಸುಮಾರು 25 ಬಾತ್ ಇದ್ದ ದರ ಮರುವರ್ಷದ ಜನವರಿ ಹೊತ್ತಿಗೆ 50ನ್ನು ದಾಟಿತ್ತು. ‘ಹುಲಿಗಳು’ ಎಂದು ಜಗತ್ತು ಹೊಗಳುತ್ತಿದ್ದ ಪೂರ್ವ ಏಷ್ಯಾದ ಆರ್ಥಿಕತೆಗಳು ಒಂದರ ಹಿಂದೆ ಒಂದು ಕುಸಿದವು.

ಆದದ್ದು ಇಷ್ಟೇ. ಬಂಡವಾಳದ ಬಾಗಿಲು ತೆರೆದ ಮೇಲೆ ಅಲ್ಲಿನ ಬ್ಯಾಂಕುಗಳೂ ಕಂಪನಿಗಳೂ ಕಡಿಮೆ ಬಡ್ಡಿಗೆ ಅಲ್ಪಾವಧಿಯ ಡಾಲರ್ ಸಾಲ ತಂದು ಕಟ್ಟಡ, ಜಮೀನುಗಳಲ್ಲಿ ತೊಡಗಿಸಿದ್ದವು. ಲಕ್ಷ ಡಾಲರ್ ಸಾಲಕ್ಕೆ ಮೊದಲು 25 ಲಕ್ಷ ಬಾತ್ ಸಾಕಿತ್ತು. ಬಳಿಕ 50 ಲಕ್ಷ ಬೇಕಾಯಿತು. ಗಳಿಕೆ ಮಾತ್ರ ಬಾತ್‌ನಲ್ಲೇ ಉಳಿಯಿತು.

ನೆರವಿಗೆ ಬಂದ ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ತನ್ನ ಹಳೆಯ ಮದ್ದನ್ನೇ ಕೊಟ್ಟಿತು: ಬಡ್ಡಿ ಏರಿಸಿ, ಸರ್ಕಾರಿ ವೆಚ್ಚ ಇಳಿಸಿ, ದುರ್ಬಲ ಬ್ಯಾಂಕುಗಳನ್ನು ಮುಚ್ಚಿ. ಇಂಡೊನೇಷ್ಯಾ 1997ರ ನವೆಂಬರ್‌ನಲ್ಲಿ 16 ಬ್ಯಾಂಕುಗಳನ್ನು ಮುಚ್ಚಿದಾಗ ಗಾಬರಿಗೊಂಡ ಜನ ಉಳಿದ ಬ್ಯಾಂಕುಗಳಿಂದಲೂ ಠೇವಣಿ ಹಿಂತೆಗೆಯತೊಡಗಿದರು. ಡಾಲರ್‌ಗೆ ಸುಮಾರು 2,400 ಇದ್ದ ರುಪಿಯಾ 1998ರಲ್ಲಿ 15,000ವನ್ನೂ ಮೀರಿತು. ಆ ವರ್ಷದ ಮೇ ತಿಂಗಳಲ್ಲಿ ಇಂಧನ ಬೆಲೆ ಏರಿತು. ಜಕಾರ್ತಾ ದೊಂಬಿಯಲ್ಲಿ ಉರಿಯಿತು. ಮೂರು ದಶಕ ಆಳಿದ್ದ ಸುಹಾರ್ತೊ ಮೇ 21ರಂದು ಅಧಿಕಾರ ಬಿಟ್ಟರು.

ಮಲೇಷ್ಯಾದ ಪ್ರಧಾನಿ ಮಹಾತಿರ್ ಮೊಹಮ್ಮದ್ ಬೇರೆ ದಾರಿ ಹಿಡಿದರು. 1998ರ ಸೆಪ್ಟೆಂಬರ್‌ನಲ್ಲಿ ರಿಂಗಿಟ್ ದರವನ್ನು ಡಾಲರ್‌ಗೆ 3.80ಕ್ಕೆ ಕಟ್ಟಿಹಾಕಿ, ಷೇರುಪೇಟೆಗೆ ಬಂದ ವಿದೇಶಿ ಹಣ ಒಂದು ವರ್ಷ ಹೊರಹೋಗದಂತೆ ತಡೆದರು. ಇದು ಆತ್ಮಹತ್ಯೆಯ ಹಾದಿ ಎಂದವರು ಅನೇಕರು. ಆದರೆ 1999ರಲ್ಲಿ ಮಲೇಷ್ಯಾ ಚೇತರಿಸಿಕೊಂಡಿತು. ಐಎಂಎಫ್ ಮಾತು ಕೇಳಿದ ದಕ್ಷಿಣ ಕೊರಿಯಾ ಕೂಡ ಅದೇ ವರ್ಷ ಚೇತರಿಸಿತೆಂಬುದನ್ನು ಮರೆಯಬಾರದು. ಹಾಗಾಗಿ ನಿಯಂತ್ರಣವೇ ಸಂಜೀವಿನಿ ಎನ್ನಲಾಗದು. ಅದು ವಿಷವಲ್ಲ ಎಂಬುದಂತೂ ತಿಳಿಯಿತು.

ವಿಪರ್ಯಾಸವೆಂದರೆ, 1944ರಲ್ಲಿ ಬ್ರೆಟನ್‌ವುಡ್ಸ್‌ನಲ್ಲಿ ರೂಪುಗೊಂಡ ಐಎಂಎಫ್‌ನ ಮೂಲ ಒಪ್ಪಂದವೇ ಬಂಡವಾಳದ ಚಲನೆಯನ್ನು ನಿಯಂತ್ರಿಸುವ ಹಕ್ಕನ್ನು ಸದಸ್ಯ ರಾಷ್ಟ್ರಗಳಿಗೆ ಕೊಟ್ಟಿತ್ತು. ಅದರ ರೂವಾರಿಗಳಲ್ಲಿ ಒಬ್ಬರಾದ ಕೇನ್ಸ್ ಇದನ್ನು ಅಗತ್ಯವೆಂದೇ ಬಗೆದಿದ್ದರು. 1997ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಸೇರಿದ ನಿಧಿಯ ಸಭೆ ಮಾತ್ರ, ಥಾಯ್ಲೆಂಡ್ ಬಿದ್ದ ಮೇಲೂ, ಮುಕ್ತ ಬಂಡವಾಳದ ಪರವಾಗಿ ಒಪ್ಪಂದ ತಿದ್ದುವ ಮಾತಾಡಿತು. ಆ ತಿದ್ದುಪಡಿ ಬರಲೇ ಇಲ್ಲ. 2008ರ ಅಮೆರಿಕದ ಕುಸಿತದ ನಂತರ, 2012ರಲ್ಲಿ, ಕೆಲವು ಸನ್ನಿವೇಶಗಳಲ್ಲಿ ಬಂಡವಾಳ ನಿಯಂತ್ರಣ ಸೂಕ್ತವೆಂದು ನಿಧಿಯೇ ಒಪ್ಪಿತು.

ಭಾರತಕ್ಕೂ ಇದರಲ್ಲಿ ಪಾಲಿದೆ. ಮೂರು ವರ್ಷಗಳಲ್ಲಿ ರೂಪಾಯಿಯನ್ನು ಬಂಡವಾಳ ವಹಿವಾಟಿಗೂ ಮುಕ್ತಗೊಳಿಸಬೇಕೆಂದು ತಾರಾಪೋರ್ ಸಮಿತಿ ಶಿಫಾರಸು ಮಾಡಿದ್ದು 1997ರಲ್ಲೇ. ಸಮಿತಿ ಷರತ್ತುಗಳನ್ನೂ ವಿಧಿಸಿತ್ತು. ನೆರೆಯ ಬೆಂಕಿ ಕಂಡ ದೆಹಲಿ ಹಿಂಜರಿಯಿತು. ಆ ಬಾಗಿಲು ಇಂದಿಗೂ ಪೂರ್ತಿ ತೆರೆದಿಲ್ಲ.

ಪುಸ್ತಕದ ಸಿದ್ಧಾಂತ ತಿದ್ದಲು 15 ವರ್ಷ ಹಿಡಿಯಿತು. ಆ ನಡುವೆ ಕೆಲಸ ಕಳೆದುಕೊಂಡ ಬ್ಯಾಂಕಾಕಿನ ಕೂಲಿಗಾಗಲೀ ಅಕ್ಕಿಯ ಬೆಲೆಗೆ ಬೆದರಿದ ಜಾವಾದ ಗೃಹಿಣಿಗಾಗಲೀ ಅಷ್ಟು ಕಾಯುವ ಅವಕಾಶವಿರಲಿಲ್ಲ.